ವಿದೇಶದಲ್ಲಿ ಕಾರು ಓಡಿಸಿ ಬಂದ ಮೇಲೆ ಕ್ಯಾಮೆರಾ ದಂಡದ ಪತ್ರ ಬಂದರೆ

ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಿಂದ ಮಕ್ಕಳನ್ನು ನೋಡಲೆಂದೋ ಪ್ರವಾಸಕ್ಕೆಂದೋ ಹೊರದೇಶಕ್ಕೆ ಹೋಗಿ, ಅಲ್ಲಿ ಬಾಡಿಗೆ ಕಾರು ಪಡೆದು ತಾವೇ ಓಡಿಸುವವರಿದ್ದಾರೆ. ಅಂಥವರಲ್ಲಿ ಕೆಲವರ ಮನೆಗೆ, ಊರಿಗೆ ಮರಳಿ ತಿಂಗಳುಗಳು ಕಳೆದ ಮೇಲೆ, ದಂಡದ ಪತ್ರ ಬರುತ್ತದೆ. ದಾರಿಯಲ್ಲಿ ಯಾವ ಪೊಲೀಸರೂ ತಡೆದು ನಿಲ್ಲಿಸಿರುವುದಿಲ್ಲವಾದ್ದರಿಂದ ಕೆಲವರು ಅದನ್ನು ಮೋಸದ ಕಾಗದವೆಂದು ಪಕ್ಕಕ್ಕಿಡುತ್ತಾರೆ, ಇನ್ನು ಕೆಲವರು ಗಾಬರಿಯಿಂದ ಅಂದೇ ಹಣ ಕಳಿಸಲು ಹೊರಡುತ್ತಾರೆ. ಎರಡೂ ಬೇಡ. ಪತ್ರ ಬಂದ ದಿನಾಂಕವನ್ನು ಅದರ ಲಕೋಟೆಯ ಮೇಲೆಯೇ ಬರೆದು, ಲಕೋಟೆಯನ್ನು ಎಸೆಯದೆ ಇಟ್ಟುಕೊಳ್ಳಿ. ಮುಂದಿನ ಗಡುವುಗಳು ಹಲವೆಡೆ ಆ ದಿನದಿಂದಲೇ ಎಣಿಕೆಯಾಗುತ್ತವೆ.

ಪತ್ರಕ್ಕಿಂತ ಮೊದಲೇ ಕ್ರೆಡಿಟ್ ಕಾರ್ಡಿನಲ್ಲಿ ಬಾಡಿಗೆ ಕಂಪನಿಯ ಹೆಸರಿನಲ್ಲಿ ಸಣ್ಣದೊಂದು ಮೊತ್ತ ಕಡಿತವಾಗಿರುವುದು ಸಾಮಾನ್ಯ. ಇದನ್ನೇ ದಂಡವೆಂದು ತಿಳಿದು, ಆಮೇಲೆ ಬಂದ ನಿಜವಾದ ನೋಟಿಸನ್ನು ಕಡೆಗಣಿಸುವವರೇ ಹೆಚ್ಚು ನಷ್ಟ ಅನುಭವಿಸುತ್ತಾರೆ. ಯುರೋಪಿನ ದೇಶಗಳಲ್ಲಿ ಕಂಪನಿ ವಸೂಲು ಮಾಡುವ ಈ ಮೊತ್ತವು, ಕಾರನ್ನು ಆ ಹೊತ್ತಿನಲ್ಲಿ ಯಾರು ಪಡೆದಿದ್ದರು ಎಂಬ ವಿವರವನ್ನು ಪೊಲೀಸರಿಗೆ ಒದಗಿಸಿದ್ದಕ್ಕೆ ವಿಧಿಸುವ ಶುಲ್ಕವಷ್ಟೇ. ದಂಡ ಬೇರೆ, ಅದು ಸರ್ಕಾರಕ್ಕೋ ನಗರಸಭೆಗೋ ಸಲ್ಲಬೇಕಾದದ್ದು. ದುಬೈನಲ್ಲಿ ಕ್ರಮ ಬೇರೆಯಾಗಿದೆ. ಅಲ್ಲಿ ದಂಡವು ಗಾಡಿಯ ನಂಬರಿನ ಮೇಲೆ ದಾಖಲಾಗಿ, ಕಂಪನಿಯೇ ಅದನ್ನು ತನ್ನ ಶುಲ್ಕದೊಂದಿಗೆ ನಿಮ್ಮ ಕಾರ್ಡಿನಿಂದ ಪಡೆಯುತ್ತದೆ. ಆದ್ದರಿಂದ ಅಲ್ಲಿ ಕಾರನ್ನು ಒಪ್ಪಿಸುವ ಮೊದಲೇ ದುಬೈ ಪೊಲೀಸರ ಜಾಲತಾಣದಲ್ಲಿ ಆ ನಂಬರನ್ನು ಪರಿಶೀಲಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ತೊಡಕು ಇಟಲಿಯದು. ಫ್ಲಾರೆನ್ಸ್, ರೋಮ್, ಪೀಸಾ, ಸಿಯೆನಾದಂಥ ಊರುಗಳ ಹಳೆಯ ಪೇಟೆಗಳಿಗೆ ಪರವಾನಿಗೆಯಿಲ್ಲದ ವಾಹನಗಳು ನಿಗದಿತ ಹೊತ್ತಿನಲ್ಲಿ ಹೋಗುವಂತಿಲ್ಲ. ಅಲ್ಲಿನವರು ‘ಝಡ್‌ಟಿಎಲ್’ ಎನ್ನುವ ಈ ನಿರ್ಬಂಧಿತ ವಲಯಕ್ಕೆ ಗೇಟು ಇರುವುದಿಲ್ಲ. ಕೆಂಪು ಅಂಚಿನ ಬಿಳಿಯ ದುಂಡು ಫಲಕ, ಪಕ್ಕದಲ್ಲಿ ಕ್ಯಾಮೆರಾ, ಅಷ್ಟೇ. ‘ವಾರ್ಕೊ ಅತ್ತೀವೊ’ ಎಂಬ ದೀಪದ ಬರಹ ಕಂಡರೆ ಆ ದ್ವಾರದಲ್ಲಿ ನಿರ್ಬಂಧ ಜಾರಿಯಲ್ಲಿದೆ ಎಂದು ತಿಳಿಯಬೇಕು. 2024ರ ಡಿಸೆಂಬರಿನ ಕಾನೂನು ತಿದ್ದುಪಡಿಗೆ ಮುಂಚೆ ಒಂದೇ ದಿನ ಮೂರು ಸಲ ಒಳಹೊಕ್ಕರೆ ಮೂರು ದಂಡ ಬೀಳುತ್ತಿತ್ತು, ಈಗ ಒಂದೇ ವಲಯಕ್ಕೆ ದಿನಕ್ಕೊಂದೇ ದಂಡ. ಆದರೂ ಒಂದೇ ತಾರೀಖಿನ ಹಲವು ಪತ್ರಗಳು ಬಂದರೆ ಅವು ಒಂದೇ ನೋಟಿಸಿನ ನಕಲುಗಳೆಂದು ಭಾವಿಸದೆ, ಪ್ರತಿಯೊಂದರಲ್ಲಿ ನಮೂದಾದ ಗಂಟೆ, ನಿಮಿಷ ಮತ್ತು ದ್ವಾರದ ಹೆಸರನ್ನು ಹೋಲಿಸಿ ನೋಡಬೇಕು.

ಇಟಲಿಯ ಕಾನೂನು ಹೊರದೇಶದ ನಿವಾಸಿಗೆ ನೋಟಿಸು ತಲುಪಿಸಲು 360 ದಿನಗಳ ಅವಕಾಶ ಕೊಡುತ್ತದೆ. ಪತ್ರ ತಡವಾಗಿ ಬಂತೆಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ತಲುಪಿದ 5 ದಿನಗಳೊಳಗೆ ಕಟ್ಟಿದರೆ ಶೇ. 30ರಷ್ಟು ರಿಯಾಯಿತಿ ಸಿಗುತ್ತದೆ, 60 ದಿನ ಕಳೆದರೆ ಮೊತ್ತ ದುಪ್ಪಟ್ಟಾಗುತ್ತದೆ. ವಲಯ ಪ್ರವೇಶದ ಕನಿಷ್ಠ ದಂಡ 83 ಯೂರೊ ಎಂದಿಟ್ಟುಕೊಂಡರೆ, ಐದು ದಿನಗಳಲ್ಲಿ ಅದು 58.10, ಎರಡು ತಿಂಗಳ ಬಳಿಕ 166; ಅಂಚೆಯ ಹಾಗೂ ಕಚೇರಿಯ ವೆಚ್ಚ ಇವುಗಳ ಮೇಲೆ ಬೇರೆ. ಮನೆಯಲ್ಲಿ ವಯಸ್ಸಾದ ತಂದೆತಾಯಿಯರಷ್ಟೇ ಇದ್ದು, ಬಾಡಿಗೆ ಕರಾರಿನಲ್ಲಿ ಹೆಸರಿರುವವರು ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿದ್ದರೆ, ಸಹಿ ಹಾಕಿ ಪಡೆದ ಪತ್ರವನ್ನು ಅಂದೇ ಫೋಟೊ ತೆಗೆದು ಕಳಿಸುವಂತೆ ಹಿರಿಯರಿಗೆ ಮೊದಲೇ ಹೇಳಿಟ್ಟಿರಬೇಕು.

ಬ್ರಿಟನ್ನಿನಲ್ಲಿ ವೇಗಮಿತಿ ಮೀರಿದ ನೋಟಿಸು 14 ದಿನಗಳೊಳಗೆ ತಲುಪಬೇಕೆಂಬ ನಿಯಮವನ್ನು ಹಲವರು ಕೇಳಿರುತ್ತಾರೆ. ಆದರೆ ಆ ಗಡುವು ವಾಹನದ ನೋಂದಾಯಿತ ಮಾಲೀಕರಿಗೆ, ಎಂದರೆ ಬಾಡಿಗೆ ಕಂಪನಿಗೆ, ತಲುಪಬೇಕಾದ ಮೊದಲ ನೋಟಿಸಿಗೆ ಅನ್ವಯಿಸುತ್ತದೆಯೇ ಹೊರತು ನಿಮಗೆ ಬರುವ ಪತ್ರಕ್ಕಲ್ಲ. ಮಗನ ಹೆಸರಿನಲ್ಲಿ ಪಡೆದ ಕಾರನ್ನು ತಂದೆ ಓಡಿಸಿದ್ದರೆ, 28 ದಿನಗಳೊಳಗೆ ಓಡಿಸಿದವರ ಹೆಸರನ್ನು ತಿಳಿಸಬೇಕಾದವನು ಮಗ. ತಿಳಿಸದಿರುವುದು ವೇಗದ ತಪ್ಪಿಗಿಂತ ಭಾರವಾದ, ಪ್ರತ್ಯೇಕ ಅಪರಾಧ. ಲಂಡನ್ನಿನ ನಡುಭಾಗದಲ್ಲಿ ಕಾರು ಓಡಿಸಲು ಕೊಡಬೇಕಾದ ದಟ್ಟಣೆ ಶುಲ್ಕಕ್ಕೂ ಟೋಲ್ ನಾಕೆ ಇರುವುದಿಲ್ಲ. ಅಲ್ಲಿ ಸಂಚರಿಸಿದ ದಿನದ ನಂತರದ ಮೂರನೆಯ ದಿನದ ಮಧ್ಯರಾತ್ರಿಯೊಳಗೆ ನೀವೇ ಕಟ್ಟದಿದ್ದರೆ ದಂಡದ ನೋಟಿಸು ಬರುತ್ತದೆ, ಅದನ್ನು 14 ದಿನಗಳಲ್ಲಿ ತೀರಿಸಿದರೆ ಅರ್ಧ. ಬ್ರಿಟನ್ನಿನ ವೀಸಾ ಅರ್ಜಿ ವಾಹನ ಚಾಲನೆಯ ತಪ್ಪಿಗಾದ ದಂಡಗಳ ಬಗ್ಗೆಯೂ ಕೇಳುವುದರಿಂದ, ಅಷ್ಟು ದೂರದಿಂದ ಯಾರು ಬಂದು ವಸೂಲು ಮಾಡುತ್ತಾರೆ ಎಂಬ ಧೈರ್ಯ ಒಳ್ಳೆಯದಲ್ಲ.

ಪತ್ರ ನಿಜವೇ ಎಂದು ನೋಡುವ ಬಗೆ ಹೀಗಿದೆ. ಅದರಲ್ಲಿರುವ ಗಾಡಿ ನಂಬರು, ದಿನ, ವೇಳೆಗಳನ್ನು ಬಾಡಿಗೆ ಕರಾರಿನೊಂದಿಗೆ ತಾಳೆ ಹಾಕಿ. ಅನುಮಾನವಿದ್ದರೆ ಕಂಪನಿಗೆ ಬರೆದು ಮೂಲ ನೋಟಿಸಿನ ಪ್ರತಿ ಕೇಳಿ. ಇಮೇಲಿನಲ್ಲೋ ಮೆಸೇಜಿನಲ್ಲೋ ಬಂದ ಕೊಂಡಿಯನ್ನು ಒತ್ತದೆ, ಆ ನಗರದ ಅಥವಾ ಪೊಲೀಸರ ಅಧಿಕೃತ ಜಾಲತಾಣವನ್ನು ನೀವೇ ಹುಡುಕಿ ತೆರೆದು, ನೋಟಿಸಿನ ಸಂಖ್ಯೆಯನ್ನು ಅಲ್ಲಿ ಹಾಕಿ ನೋಡಿ. ನಮ್ಮಲ್ಲಿ ವಾಟ್ಸಾಪಿನಲ್ಲಿ ಬರುವ ನಕಲಿ ಇ-ಚಲನ್ ಫೈಲುಗಳ ವಿಷಯದಲ್ಲಿ ವಹಿಸುವ ಎಚ್ಚರವೇ ಇಲ್ಲಿಯೂ ಸಾಕು. ಇಟಲಿಯ ಹಲವು ನಗರಸಭೆಗಳು ಪರದೇಶದವರ ದಂಡದ ಕೆಲಸವನ್ನು ಫ್ಲಾರೆನ್ಸಿನ ನೀವಿ ಎಂಬ ಸಂಸ್ಥೆಗೆ ವಹಿಸಿವೆ. ಅಪರಿಚಿತ ಹೆಸರು ಕಂಡ ಮಾತ್ರಕ್ಕೆ ಅದು ವಂಚನೆಯಲ್ಲ.

ತಕರಾರು ಸಲ್ಲಿಸುವ ಮನಸ್ಸಿದ್ದರೆ ಹಣ ಕಟ್ಟಬೇಡಿ, ಏಕೆಂದರೆ ಇಟಲಿಯಲ್ಲಿ ಕಟ್ಟಿದೊಡನೆ ಮೇಲ್ಮನವಿಯ ಹಕ್ಕು ಮುಗಿಯುತ್ತದೆ. ಅಲ್ಲಿನ ಪ್ರಾಂತ್ಯದಲ್ಲಿ ಸರ್ಕಾರದ ಪ್ರತಿನಿಧಿಯಾದ ಪ್ರಿಫೆಕ್ಟ್ ಅಧಿಕಾರಿಗೆ 60 ದಿನಗಳೊಳಗೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದಾದರೂ, ಅದು ತಿರಸ್ಕೃತವಾದರೆ ಕನಿಷ್ಠ ದುಪ್ಪಟ್ಟು ಕಟ್ಟಬೇಕು. ಫಲಕ ಕಾಣಲಿಲ್ಲ, ಭಾಷೆ ತಿಳಿಯಲಿಲ್ಲ ಎಂಬ ಕಾರಣಗಳಿಗೆ ಈ ಅಪಾಯ ತೆಗೆದುಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. ವಲಯದೊಳಗಿನ ಹೋಟೆಲಿನವರು ಒಳಬರುವ ಅನುಮತಿಗಾಗಿ ನಿಮ್ಮ ಗಾಡಿಯ ನಂಬರನ್ನು ನಗರಸಭೆಗೆ ಕಳಿಸಿದ್ದಕ್ಕೆ ಪುರಾವೆಯಿದ್ದರೆ, ಅಥವಾ ಆ ವೇಳೆಗೆ ಕಾರು ನಿಮ್ಮ ವಶದಲ್ಲಿರಲೇ ಇಲ್ಲವೆಂದು ಕರಾರಿನಿಂದ ತೋರಿಸಲಾಗುವಂತಿದ್ದರೆ ಮನವಿಗೆ ಬಲವಿದೆ.

ಹಣ ಕಟ್ಟಲು ಕಾರ್ಡೇ ಸುಲಭ. ಆದರೆ ವಿದೇಶಿ ವಹಿವಾಟಿಗೆ ಅನುಮತಿ ಇಲ್ಲದ ಕಾರ್ಡು ನಡೆಯುವುದಿಲ್ಲವಾದ್ದರಿಂದ ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ಮೊದಲು ತೆರೆಯಬೇಕು. ಬ್ಯಾಂಕಿನ ಮೂಲಕವೇ ಕಳಿಸುವುದಾದರೆ ‘ಎ2’ ಅರ್ಜಿ ತುಂಬಬೇಕು. ಜಮಖಂಡಿಯಲ್ಲೋ ಸಿಂದಗಿಯಲ್ಲೋ ನಿಮ್ಮ ಶಾಖೆಯಿದ್ದರೆ, ವಿದೇಶಿ ವಿನಿಮಯದ ಕೆಲಸ ಯಾವ ಶಾಖೆಯಲ್ಲಿ ಆಗುತ್ತದೆಂದು ಫೋನಿನಲ್ಲಿ ಕೇಳಿಕೊಂಡು ಹೊರಡಿ. ನಡುವಿನ ಬ್ಯಾಂಕುಗಳ ಶುಲ್ಕವನ್ನೂ ನೀವೇ ಭರಿಸುವುದಾಗಿ ಅರ್ಜಿಯಲ್ಲಿ ಬರೆಯಲು ಮರೆಯಬೇಡಿ. ಇಲ್ಲದಿದ್ದರೆ ಅಲ್ಲಿಗೆ ಕೆಲವು ಯೂರೊ ಕಡಿಮೆ ಮುಟ್ಟಿ, ದಂಡ ಪೂರ್ತಿ ತೀರದೆ ಉಳಿಯುತ್ತದೆ. ನೋಟಿಸಿನ ಸಂಖ್ಯೆ ಮತ್ತು ಗಾಡಿ ನಂಬರು ಪಾವತಿಯ ವಿವರದಲ್ಲಿ ಇರಲೇಬೇಕು.

ಇನ್ನೂ ಹೊರಡದವರು ವಿಳಾಸದ ಕಡೆಗೆ ಗಮನ ಕೊಡಬೇಕು. ನಮ್ಮ ಭಾಗದ ಹಳೆಯ ಲೈಸೆನ್ಸುಗಳಲ್ಲಿ 2014ರ ನವೆಂಬರ್ 1ಕ್ಕೆ ಮುಂಚಿನ ಬೆಳಗಾಂ, ಬಿಜಾಪುರ ಎಂಬ ಹೆಸರುಗಳೇ ಇವೆ. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದ ಮನೆತನಗಳಲ್ಲಿ ಕೆಲವರ ಕಾಗದಗಳಲ್ಲಿ ಇಂದಿಗೂ ಹಳೆಯ ಮನೆಯ ವಿಳಾಸವಿರಬಹುದು. ನೋಟಿಸು ಬರುವುದು ಬಾಡಿಗೆ ಕಂಪನಿಗೆ ನೀವು ಕೊಟ್ಟ ವಿಳಾಸಕ್ಕೆ. ಆದ್ದರಿಂದ ಆರ್‌ಟಿಓ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಿಗೆ ಪಡೆಯುವ ಹೊತ್ತಿನಲ್ಲೇ ವಿಳಾಸವನ್ನೂ ತಿದ್ದಿಸಿಕೊಂಡು, ಸೆಕ್ಟರ್, ಪ್ಲಾಟ್ ಸಂಖ್ಯೆ ಮತ್ತು ಪಿನ್‌ಕೋಡ್ ಸಹಿತ ಅದನ್ನೇ ಕರಾರಿನಲ್ಲಿಯೂ ಬರೆಸಿರಿ.