ನಡುವಿನ ನೀರು ಕಡಿಮೆಯಾಗಲಿ: ಕಡಲೊಳಗೆ ಫೋಟೊ ತೆಗೆಯುವ ಬಗೆ

ನೀರೊಳಗೆ ಮೊದಲ ಸಲ ಕ್ಯಾಮೆರಾ ಹಿಡಿದವರಿಗೆಲ್ಲ ಹೆಚ್ಚುಕಡಿಮೆ ಒಂದೇ ನಿರಾಸೆ. ಹವಳದ ದಿಬ್ಬದ ಮೇಲೆ ಬಣ್ಣಬಣ್ಣದ ಮೀನು ಸಿಕ್ಕಿತ್ತು, ಮೇಲೆ ಬಂದು ನೋಡಿದರೆ ಚಿತ್ರದ ತುಂಬ ಹಸಿರುಗಟ್ಟಿದ ನೀಲಿ. ಕ್ಯಾಮೆರಾದ ತಪ್ಪಲ್ಲ. ಬಿಸಿಲಿನಲ್ಲಿರುವ ಕೆಂಪನ್ನು ನೀರು ಎಲ್ಲಕ್ಕಿಂತ ಮೊದಲು ಹೀರಿಬಿಡುತ್ತದೆ. 5 ಮೀಟರ್ ದಾಟುವಷ್ಟರಲ್ಲಿ ಕೆಂಪು ಮಂಕು, ಇನ್ನೂ ಇಳಿದರೆ ಕಿತ್ತಳೆ, ಹಳದಿಗಳ ಸರದಿ. ಇದು ಆಳದ ಲೆಕ್ಕ ಮಾತ್ರವಲ್ಲ. ನಿಮಗೂ ಮೀನಿಗೂ ನಡುವೆ ಇರುವ ನೀರೂ ಬಣ್ಣ ಹೀರುತ್ತದೆ. ಆ ನಡುವಿನ ನೀರನ್ನು ಕಡಿಮೆ ಮಾಡುತ್ತ ಹೋಗುವುದೇ ಈ ಕಲೆಯ ಅಭ್ಯಾಸ.

ಮೊದಲು ಬರಿಗೈಯಲ್ಲಿ ಮುಳುಗಿ

ಸ್ಕೂಬಾ ತರಬೇತಿ ಮುಗಿದ ಮರುದಿನವೇ ಕ್ಯಾಮೆರಾ ಒಯ್ಯಬೇಡಿ. ಕೈಕಾಲು ಆಡಿಸದೆ, ಏಳದೆ ಮುಳುಗದೆ, ಒಂದೆರಡು ನಿಮಿಷ ನೀರಿನ ನಡುವೆ ನಿಲ್ಲಲು ಬರುತ್ತದೆಯೇ? ಅದು ಬಂದ ಮೇಲೆ ಕ್ಯಾಮೆರಾ. ಕಾಲಿಗೆ ತೊಟ್ಟ ಈಜುರೆಕ್ಕೆ, ಅಂದರೆ ಫಿನ್, ಒಂದು ಸಲ ಅಡ್ಡಾದಿಡ್ಡಿ ಬಡಿದರೆ ಹವಳ ಮುರಿಯುತ್ತದೆ. ಬಂಡೆಯಂತೆ ಗುಂಡಗೆ ಬೆಳೆಯುವ ಹವಳಗಳು ಸಾಮಾನ್ಯವಾಗಿ ವರ್ಷಕ್ಕೆ 2 ಸೆಂಟಿಮೀಟರ್ ಕೂಡ ಬೆಳೆಯುವುದಿಲ್ಲ. ಯಾವ ಚಿತ್ರವೂ ಆ ಬೆಲೆಗೆ ಬೇಡ.

ಇನ್ನೊಂದು ಮಾತು: ಕೈ ನಡುಗಬಾರದೆಂದು ಉಸಿರು ಬಿಗಿಹಿಡಿಯುವ ಅಭ್ಯಾಸ ನೆಲದ ಮೇಲೇ ಇರಲಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲ್ಮೈಗೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಕಟ್ಟಿ ಮೇಲೇರಿದರೆ ಶ್ವಾಸಕೋಶ ಹರಿಯಬಹುದು.

ಹೌಸಿಂಗ್ ಮುಚ್ಚುವ ಹೊತ್ತು

ಕ್ಯಾಮೆರಾ ಕೂರುವ ಜಲನಿರೋಧಕ ಪೆಟ್ಟಿಗೆಯನ್ನು ಕಾಯುವುದು ಓ-ರಿಂಗ್ ಎಂಬ ತೆಳ್ಳನೆಯ ರಬ್ಬರ್ ಬಳೆ. ಅದರ ಮೇಲೆ ಒಂದು ಕೂದಲೆಳೆ ಉಳಿದರೂ ಉಪ್ಪುನೀರು ಒಳಗೆ. ಹಿಂದಿನ ರಾತ್ರಿಯೇ ಒಳ್ಳೆಯ ಬೆಳಕಿನಲ್ಲಿ ಕುಳಿತು ಒರೆಸಿ, ತಯಾರಕರು ಹೇಳಿದ ಗ್ರೀಸನ್ನು ಹೊಳಪು ಬರುವಷ್ಟು ಮಾತ್ರ ಸವರಿ. ಓಲಾಡುವ ದೋಣಿಯಲ್ಲಿ ಮಾಡುವ ಕೆಲಸವಲ್ಲ ಇದು. ಹೊಸ ಹೌಸಿಂಗ್ ಆದರೆ ಮೊದಲ ಸಲ ಖಾಲಿಯಾಗಿಯೇ ಇಳಿಸಿ ನೋಡಿ. ಮೇಲೆ ಬಂದ ಕೂಡಲೇ, ಉಪ್ಪು ಒಣಗುವ ಮೊದಲು, ಸಿಹಿನೀರಿನಲ್ಲಿ ನೆನೆಸಿ ಗುಂಡಿಗಳನ್ನೆಲ್ಲ ಒತ್ತಿ.

ಲೆನ್ಸ್ ಮತ್ತು ಬೆಳಕು

ಜೂಮ್ ಮರೆತುಬಿಡಿ. ದೂರದ ಮೀನನ್ನು ಅದು ದೊಡ್ಡದಾಗಿ ತೋರಿಸೀತು, ನಡುವಿನ ನೀರು ಅಷ್ಟೇ ಇರುತ್ತದೆ. ಆಮೆ, ಹವಳದ ದಿಬ್ಬಗಳಿಗೆ ಅಗಲ ನೋಟದ ವೈಡ್ ಲೆನ್ಸ್ ಮತ್ತು ಹೌಸಿಂಗ್‌ನ ಮುಂದೆ ಗುಮ್ಮಟದಂಥ ಕಿಟಕಿ, ಅಂದರೆ ಡೋಮ್ ಪೋರ್ಟ್. ಚಿಕ್ಕ ಜೀವಿಗಳಿಗೆ ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಮತ್ತು ಚಪ್ಪಟೆ ಪೋರ್ಟ್.

ಕಳೆದುಹೋದ ಕೆಂಪನ್ನು ವಾಪಸ್ ತರುವುದು ಫ್ಲ್ಯಾಶ್, ಅಂದರೆ ಸ್ಟ್ರೋಬ್. ಜೀವವಿಜ್ಞಾನಿ ಲೂಯಿ ಬೂತಾನ್ ಫ್ರಾನ್ಸ್‌ನ ಬಾನ್ಯುಲ್ಸ್‌ನಲ್ಲಿ 1893ರಲ್ಲಿ ನೀರೊಳಗೆ ಚಿತ್ರ ತೆಗೆದರು; ಬಣ್ಣದ ಚಿತ್ರಕ್ಕೆ ಮಾತ್ರ 1926ರ ತನಕ ಕಾಯಬೇಕಾಯಿತು. ಆಗ ಮೀನುಗಳ ತಜ್ಞ ವಿಲಿಯಂ ಲಾಂಗ್ಲೆ ಮತ್ತು ಛಾಯಾಗ್ರಾಹಕ ಚಾರ್ಲ್ಸ್ ಮಾರ್ಟಿನ್ ಫ್ಲಾರಿಡಾದ ಕಡಲಲ್ಲಿ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸಿಡಿಸಿ ಹಾಗ್‌ಫಿಶ್ ಒಂದನ್ನು ಸೆರೆಹಿಡಿದರು. ಒಂದು ಮೀನಿನ ಬಣ್ಣಕ್ಕಾಗಿ ಪಟ್ಟ ಆ ಪಾಡು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಸ್ಟ್ರೋಬ್‌ಗಳನ್ನು ಲೆನ್ಸ್‌ನಿಂದ ದೂರಕ್ಕೆ, ಎಡಬಲಕ್ಕೆ ಚಾಚಿ, ಕೊಂಚ ಹೊರಮುಖವಾಗಿ ತಿರುಗಿಸಿ. ನೇರ ಮುಂದಕ್ಕೆ ಹೊಡೆದರೆ ನೀರಿನ ಕಣಗಳೆಲ್ಲ ಬೆಳಗಿ, ಮಂಜು ಸುರಿದಂತೆ ಬಿಳಿಚುಕ್ಕೆ ತುಂಬುತ್ತದೆ. ಐಎಸ್‌ಒ (ಬೆಳಕಿನ ಸಂವೇದನೆ) 200, ಲೆನ್ಸ್‌ನ ಕಿಂಡಿ ಎಫ್/8, ಶಟರ್ ವೇಗ 1/125 ಸೆಕೆಂಡಿನಿಂದ ಶುರುಮಾಡಿ. ಹಿನ್ನೆಲೆಯ ನೀಲಿ ಗಾಢವಾಗಬೇಕೆಂದರೆ ಶಟರ್ ವೇಗ ಹೆಚ್ಚಿಸಿ, ಮೀನಿನ ಮೇಲಿನ ಬೆಳಕಿಗೆ ಸ್ಟ್ರೋಬ್‌ನ ಬಲ ತಿದ್ದಿ. ಸ್ಟ್ರೋಬ್ ಇಲ್ಲವೇ? 5 ಮೀಟರ್ ಒಳಗೇ ಇರಿ, ಸೂರ್ಯ ಬೆನ್ನಿಗಿರಲಿ, ಬಣ್ಣವನ್ನು ಆಮೇಲೆ ತಿದ್ದಲು ಬರುವ ರಾ (RAW) ಕಡತದಲ್ಲಿ ತೆಗೆಯಿರಿ.

ಹತ್ತಿರ ಹೋಗುವುದು

ಬೆನ್ನಟ್ಟಿದರೆ ಸಿಗುವುದು ಬಾಲದ ಚಿತ್ರ. ಮೀನು ತಾನಾಗಿ ಬಂದು ನಿಲ್ಲುವ ಜಾಗ ಹುಡುಕಿ. ದಿಬ್ಬದಲ್ಲಿ ಕ್ಲೀನರ್ ರಾಸ್ ಎಂಬ ಪುಟ್ಟ ಮೀನುಗಳ ಠಾಣೆಗಳಿರುತ್ತವೆ. ದೊಡ್ಡ ಮೀನುಗಳು ಅಲ್ಲಿಗೆ ಬಂದು, ಬಾಯಿ ತೆರೆದು, ಪರಾವಲಂಬಿಗಳನ್ನು ಆರಿಸಿಸಿಕೊಳ್ಳುತ್ತವೆ. ಒಂದು ಪಕ್ಕದಲ್ಲಿ, ದಾರಿಗೆ ಅಡ್ಡವಾಗದೆ, ತಗ್ಗಿನಲ್ಲಿ ನಿಂತು ನಿಧಾನ ಉಸಿರಾಡಿ. ಗುಳ್ಳೆಗಳ ಸದ್ದಿಗೆ ಅವು ಒಗ್ಗಿಕೊಳ್ಳಲು ಸಮಯ ಹಿಡಿಯುತ್ತದೆ. ನನಗೆ ಇಡೀ ಮುಳುಗಿನಲ್ಲಿ ಅತ್ಯಂತ ಪ್ರೀತಿಯ ಗಳಿಗೆ ಅದೇ: ಮೀನು ನಿಮ್ಮನ್ನು ಲೆಕ್ಕಕ್ಕಿಡುವುದನ್ನು ಬಿಟ್ಟು ತನ್ನ ಕೆಲಸಕ್ಕೆ ಮರಳುವುದು. ಆಗ ಅದರ ಕಣ್ಣಿನ ಮಟ್ಟಕ್ಕೆ ಇಳಿದು, ಕಣ್ಣಿಗೇ ಫೋಕಸ್ ಇಟ್ಟು ಒತ್ತಿ.

ಬೀಸಣಿಗೆ ಹವಳದಲ್ಲಿ ಅಡಗುವ ಪಿಗ್ಮಿ ಕಡಲಕುದುರೆ ಸಾಮಾನ್ಯವಾಗಿ 2 ಸೆಂಟಿಮೀಟರ್ ಕೂಡ ಇರುವುದಿಲ್ಲ. ಅದು ಮುಖ ತಿರುಗಿಸಿದರೆ ತಿರುಗಿಸಲಿ. ಹವಳ ಬಗ್ಗಿಸಬೇಡಿ, ಕಡ್ಡಿಯಿಂದ ಮುಟ್ಟಬೇಡಿ. ನಾಲ್ಕೈದು ಚಿತ್ರ ಸಾಕು, ಜಾಗ ಬಿಡಿ.

ಮೇಲೇರುವಾಗ

ಕ್ಯಾಮೆರಾ ಕಣ್ಣಿಗಿದ್ದಾಗ ಗಾಳಿಯ ಮೀಟರ್ ಮರೆಯುತ್ತದೆ. ಎಷ್ಟು ಉಳಿದಾಗ ತಿರುಗಬೇಕೆಂದು ಜೊತೆಗಾರರೊಂದಿಗೆ ಮೊದಲೇ ನಿಶ್ಚಯಿಸಿ, ಅಲ್ಲಿಗೇ ತಿರುಗಿ. ಸುರಕ್ಷತೆಗಾಗಿ 5 ಮೀಟರ್‌ನಲ್ಲಿ 3 ನಿಮಿಷ ತಡೆದು ನಿಲ್ಲುವಾಗ ಸ್ಟ್ರೋಬ್ ಬಂದ್ ಮಾಡಿ, ಶಟರ್ ವೇಗ ಹೆಚ್ಚಿಸಿ, ವೈಡ್ ಲೆನ್ಸನ್ನು ನೇರ ಮೇಲಕ್ಕೆ ಹಿಡಿಯಿರಿ. ಬೆಳಕಿನ ವಕ್ರೀಭವನದಿಂದಾಗಿ ಹೊರಗಿನ ಆಕಾಶವೆಲ್ಲ ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯೊಳಗೆ ಕಾಣುತ್ತದೆ. ಅಲೆಗಳು ಸಣ್ಣದಾಗುವ ಕ್ಷಣಕ್ಕೆ ಕಾಯಿರಿ. ದೋಣಿ, ಮೋಡ, ಅಂಚಿನಲ್ಲಿ ಇಣುಕುವ ಮುಖಗಳು, ಎಲ್ಲವೂ ಆ ವೃತ್ತದಲ್ಲಿ ಒಟ್ಟಿಗೆ ಸಿಗುತ್ತವೆ.