1.3 ಇಂಚಿನ ಓಎಲ್‌ಇಡಿಗೆ ಜಿಎಫ್‌ಎಕ್ಸ್ ಲೈಬ್ರರಿ ಹೊಂದಿಸಿಕೊಳ್ಳುವುದು

ಸಂಪಿನಲ್ಲಿ ನೀರು ಎಷ್ಟಿದೆ ಅಂತ ಅಮ್ಮನಿಗೆ ಅಡುಗೆಮನೆಯಲ್ಲೇ ಕಾಣಬೇಕಿತ್ತು. ಅದಕ್ಕೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು 1.3 ಇಂಚಿನ ಓಎಲ್‌ಇಡಿ, ಅಂದರೆ ಪುಟ್ಟ ಪರದೆ, ತಂದೆ. ಕವರ್ ಮೇಲೆ ಎಸ್‌ಎಸ್‌ಡಿ1306 ಅಂತಿತ್ತು, ಅದು ಪರದೆ ನಡೆಸುವ ಚಿಪ್‌ನ ಹೆಸರು. ಆರ್ಡುಯಿನೊ ಯುನೊ (ಆರ್3) ಬೋರ್ಡ್‌ಗೆ ಜೋಡಿಸಿ, ಅಡಾಫ್ರೂಟ್ ಕಂಪನಿಯ ಲೈಬ್ರರಿ ಜೊತೆ ಬರುವ ಉದಾಹರಣೆ ಓಡಿಸಿದರೆ ಒಂದು ಪಟ್ಟಿಯಲ್ಲಿ ಮಾತ್ರ ಏನೋ ಮಿಣುಕುತ್ತಿತ್ತು. ಉಳಿದ ಕಡೆಯೆಲ್ಲ ರವೆ ಚೆಲ್ಲಿದ ಹಾಗೆ ಚುಕ್ಕಿ.

ನಿಮಗೂ ಹೀಗಾದರೆ ಡಿಸ್‌ಪ್ಲೇ ಹಾಳಾಗಿದೆ ಅಂತ ಬಿಸಾಡಬೇಡಿ. ಒಳಗಿರುವುದು ಎಸ್‌ಎಚ್1106 ಚಿಪ್ ಇರಬಹುದು. 1306ಕ್ಕೆ 1024 ಬೈಟ್ ಒಂದೇ ಸಮ ಕಳಿಸಿದರೆ ತಾನೇ ಮುಂದಿನ ಸಾಲಿಗೆ ಹೋಗುತ್ತದೆ. 1106 ಹೋಗುವುದಿಲ್ಲ, ಪ್ರತಿ ಸಾಲಿಗೂ ಹೇಳಬೇಕು. ಜೊತೆಗೆ ಅದರ ಮೆಮೊರಿ 132 ಕಾಲಂ, ಗಾಜಿನ ಮೇಲೆ ಕಾಣುವುದು 128. ಈ ಮಾಡ್ಯೂಲ್‌ಗಳಲ್ಲಿ ಚಿತ್ರ 2ನೇ ಕಾಲಂನಿಂದ ಶುರುವಾಗಬೇಕು.

ಇದಕ್ಕೆ ಅಡಾಫ್ರೂಟ್‌ನದೇ ಎಸ್‌ಎಚ್110ಎಕ್ಸ್ ಲೈಬ್ರರಿ ಇದೆ. ಅವಸರ ಇದ್ದರೆ ಅದನ್ನೇ ಹಾಕಿಕೊಳ್ಳಿ. ಆದರೆ ಒಮ್ಮೆ ಕೈಯಾರೆ ಮಾಡಿ ನೋಡಿ, ಮುಂದೆ ಯಾವ ಡಿಸ್‌ಪ್ಲೇ ಬಂದರೂ ಭಯ ಇರಲ್ಲ.

ಜಿಎಫ್‌ಎಕ್ಸ್ ಅಂದರೆ ಅಡಾಫ್ರೂಟ್‌ನ ಚಿತ್ರ ಬಿಡಿಸುವ ಲೈಬ್ರರಿ. ಅದರಲ್ಲಿ ಗೆರೆ, ವೃತ್ತ, ಅಕ್ಷರ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಡ್ರಾಪಿಕ್ಸೆಲ್, ಅಂದರೆ ಒಂದು ಚುಕ್ಕಿ ಇಡುವ ಫಂಕ್ಷನ್ ಹತ್ತಿರ. ಹಾಗಾಗಿ ಲೈಬ್ರರಿಯ ಒಳಗೆ ಕೈ ಹಾಕಬೇಡಿ. ಅದರಿಂದ ಒಂದು ಹೊಸ ಕ್ಲಾಸ್ ಮಾಡಿ, 1024 ಬೈಟ್‌ನ ಅರೇ ಇಟ್ಟು, ಡ್ರಾಪಿಕ್ಸೆಲ್ ಒಂದನ್ನು ನೀವೇ ಬರೆಯಿರಿ. ಎಕ್ಸ್, ವೈ ಪರದೆಯ ಹೊರಗಿದ್ದರೆ ಮೊದಲೇ ವಾಪಸ್ ಕಳಿಸಿ. ಇಲ್ಲದಿದ್ದರೆ ಬೇರೆ ವೇರಿಯಬಲ್‌ಗಳು ಕೆಡುತ್ತವೆ.

ಒಂದು ಬೈಟ್ ಅಂದರೆ ಮೇಲಿಂದ ಕೆಳಗೆ ನಿಂತ 8 ಚುಕ್ಕಿ. ಎಕ್ಸ್ 10, ವೈ 19 ಅಂದುಕೊಳ್ಳಿ. 19ನ್ನು 8ರಿಂದ ಭಾಗಿಸಿದರೆ 2, ಶೇಷ 3. 2ನ್ನು 128ರಿಂದ ಗುಣಿಸಿ 10 ಕೂಡಿಸಿ: ಅರೇಯ 266ನೇ ಜಾಗ, ಅದರಲ್ಲಿ 3ನೇ ಬಿಟ್. ಎಣಿಕೆ ಸೊನ್ನೆಯಿಂದ.

ಈಗ ಪರದೆಗೆ ಕಳಿಸುವ ಫಂಕ್ಷನ್. 8 ಚುಕ್ಕಿ ಎತ್ತರದ ಒಂದು ಸಾಲಿಗೆ ಪೇಜ್ ಅಂತಾರೆ, ಒಟ್ಟು 8 ಪೇಜ್. ಪ್ರತಿ ಪೇಜ್‌ಗೂ ಮೊದಲು ಮೂರು ಕಮಾಂಡ್, ಹೆಕ್ಸ್‌ನಲ್ಲಿ (16ರ ಎಣಿಕೆ): ಬಿ0ಗೆ ಪೇಜ್ ನಂಬರ್ ಕೂಡಿಸಿದ್ದು, ಆಮೇಲೆ 02, ಆಮೇಲೆ 10. ಆ 02 ಅನ್ನುವುದೇ ಎರಡು ಕಾಲಂ ಸರಿಸುವುದು. ನಂತರ 128 ಬೈಟ್.

ನಾನು ಆ 128ನ್ನೂ ಒಂದೇ ಸಲ ಕಳಿಸಿ ಒಂದು ಭಾನುವಾರ ಪೂರ್ತಿ ಒದ್ದಾಡಿದೆ. ಯುನೊದಲ್ಲಿ ಪರದೆಗೆ ಬೈಟ್ ಕಳಿಸುವ ವೈರ್ ಲೈಬ್ರರಿಯ ಬಫರ್ 32 ಬೈಟ್ ಅಷ್ಟೇ. ಅದರಲ್ಲಿ ಒಂದು, ಮುಂದೆ ಬರುವುದು ಚಿತ್ರದ ಡೇಟಾ ಅಂತ ಹೇಳುವ ಕಂಟ್ರೋಲ್ ಬೈಟ್‌ಗೆ (ಹೆಕ್ಸ್ 40) ಹೋಗುತ್ತದೆ. ಬಫರ್‌ನಲ್ಲಿ ಹಿಡಿಸದೆ ಮಿಕ್ಕಿದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. 16 ಬೈಟ್‌ನಂತೆ ಕಳಿಸಿ, ಪ್ರತಿ ಸಲವೂ 40ರಿಂದ ಶುರು ಮಾಡಿ.

ಆನ್ ಮಾಡುವಾಗ, ಪರದೆಗೆ ವೋಲ್ಟೇಜ್ ಏರಿಸಲು 1306ಕ್ಕೆ ಕೊಡುವ 8ಡಿ ಕಮಾಂಡ್ ಬದಲು ಎಡಿ, 8ಬಿ ಕೊಡಿ (ಇವೂ ಹೆಕ್ಸ್). ಯುನೊದಲ್ಲಿ ಇರುವ 2048 ಬೈಟ್ ರ‍್ಯಾಮ್‌ನಲ್ಲಿ ಅರ್ಧ ಈ ಅರೇಗೇ ಹೋಯಿತು, ಅಲ್ವಾ? ಸ್ಟ್ರಿಂಗ್‌ಗಳನ್ನೆಲ್ಲ ಎಫ್ ಮ್ಯಾಕ್ರೊ ಹಾಕಿ ಫ್ಲ್ಯಾಶ್‌ನಲ್ಲೇ (ಪ್ರೋಗ್ರಾಂ ಕೂರುವ ಮೆಮೊರಿ) ಇಡಿ.

ಕನ್ನಡ ಸುಮ್ನೆ ಪ್ರಿಂಟ್ ಮಾಡಿದರೆ ಬರಲ್ಲ. ಜಿಎಫ್‌ಎಕ್ಸ್ ಒಂದೊಂದೇ ಬೈಟ್ ಓದುತ್ತದೆ, ಗುಣಿತ, ಒತ್ತಕ್ಷರ ಅದಕ್ಕೆ ತಿಳಿಯುವುದಿಲ್ಲ. ನಾನು ‘ನೀರು’ ಅಂತ 48 ಅಗಲ, 24 ಎತ್ತರದ ಚಿತ್ರ ಬರೆದೆ. ಬರೀ 144 ಬೈಟ್. ಅದನ್ನೂ ಪ್ರೋಗ್‌ಮೆಮ್ ಅಂತ ಗುರುತು ಹಾಕಿ ಫ್ಲ್ಯಾಶ್‌ನಲ್ಲಿಟ್ಟು ಡ್ರಾಬಿಟ್‌ಮ್ಯಾಪ್‌ನಿಂದ ತಂದೆ. ಪಕ್ಕದಲ್ಲಿ ದಪ್ಪ ಅಂಕಿ. ಅಮ್ಮ ಒಲೆ ಹತ್ತಿರ ನಿಂತೇ, ಕನ್ನಡಕ ಇಲ್ಲದೆ ಓದುತ್ತಾರೆ.