ಬೆಳಗಿನ ವಾಂತಿಯಿಂದ ಬಯಾಪ್ಸಿವರೆಗೆ: ಮಗುವಿನ ಮೆದುಳಿನ ಗಡ್ಡೆ ಪತ್ತೆಯಾಗುವುದು ಹೀಗೆ

ನನ್ನ ಮಗಳಿಗೆ ಆಗ 6 ವರ್ಷ. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಅನ್ನುತ್ತಿದ್ದಳು, ವಾಂತಿ ಮಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆಲ್ಲ ಆಟಕ್ಕೆ ಓಡುತ್ತಿದ್ದಳು. ಹೊಟ್ಟೆ ಕೆಟ್ಟಿದೆ ಎಂದು ಮೂರು ವಾರ ಔಷಧಿ ಹಾಕಿದೆವು. ಮಲಗಿದಾಗ ತಲೆಯೊಳಗಿನ ಒತ್ತಡ ಏರುತ್ತದೆ, ಅದಕ್ಕೇ ಬೆಳಿಗ್ಗೆ ಜಾಸ್ತಿ ಅಂತ ನನಗೆ ಗೊತ್ತಿರಲಿಲ್ಲ.

ಮೊದಲು ಒಂದು ನೋಟ್‌ಬುಕ್ ಇಡಿ. 'ಬೆಳಿಗ್ಗೆ 6.40, ವಾಂತಿ, ಜ್ವರ ಇಲ್ಲ, ಭೇದಿ ಇಲ್ಲ.' ನನ್ನ ನೋಟ್‌ಬುಕ್‌ನಲ್ಲಿ ಏಳು ದಿನ ಇದೇ ಸಾಲು. ಅದನ್ನು ಓದಿಯೇ ಎರಡನೇ ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ನಡೆಯುವಾಗ ತೂರಾಡುವುದು, ತಲೆ ಒಂದೇ ಕಡೆ ವಾಲಿಸುವುದು, ಹೊಸದಾಗಿ ಮೆಳ್ಳೆಗಣ್ಣು ಬರುವುದು, ಅಕ್ಷರ ಕೆಡುವುದು, ಇವನ್ನೂ ಬರೆಯಿರಿ. ನಡಿಗೆಯ ವಿಡಿಯೋ ಮಾಡಿಕೊಳ್ಳಿ. ಕೂಸಾದರೆ ತಲೆಯ ಸುತ್ತಳತೆ ಅಳೆಸಿ. ಮಕ್ಕಳ ತಲೆನೋವು ಹೆಚ್ಚಿನ ಸಲ ಗಡ್ಡೆಯಿಂದ ಬಂದದ್ದಲ್ಲ, ನಿಜ. ಆದರೆ ಫಿಟ್ಸ್ ಬಂದರೆ, ಮಗು ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ ಬರೆಯುತ್ತಾ ಕೂರಬೇಡಿ, ತಕ್ಷಣ ಎಮರ್ಜೆನ್ಸಿಗೆ ಹೋಗಿ.

ಡಾಕ್ಟರು ಅವಳನ್ನು ನೆಲದ ಗೆರೆಯ ಮೇಲೆ ನಡೆಸಿದರು, ಬೆರಳಿಂದ ಮೂಗು ಮುಟ್ಟಿಸಿದರು. ಆಮೇಲೆ ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ಕಣ್ಣಿನ ನರದ ಬುಡ ಊದಿತ್ತು. ಅದು ಊದದಿದ್ದರೂ ಗಡ್ಡೆ ಇರಬಹುದು, ಇದು ನೆನಪಿರಲಿ.

ತುರ್ತಿದ್ದರೆ ಸಿಟಿ ಸ್ಕ್ಯಾನ್, ಕೆಲವೇ ನಿಮಿಷದ ಕೆಲಸ. ಸರಿಯಾಗಿ ತೋರಿಸುವುದು ಎಂಆರ್‌ಐ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಅಲುಗಾಡದೆ ಮಲಗಬೇಕು, ಸದ್ದು ಬೇರೆ. ಅದಕ್ಕೇ ಚಿಕ್ಕ ಮಕ್ಕಳಿಗೆ ಅರಿವಳಿಕೆ ಕೊಡುತ್ತಾರೆ. ಊಟ, ಹಾಲು, ನೀರು ಎಷ್ಟು ಗಂಟೆಗೆ ನಿಲ್ಲಿಸಬೇಕು ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಿಕೊಳ್ಳಿ. ಕೆಲವು ಗಡ್ಡೆಗಳು ಮೆದುಳಿನ ಸುತ್ತಲಿನ ನೀರಿನಲ್ಲಿ ಬೆನ್ನುಹುರಿಗೂ ಹರಡುತ್ತವೆ. 'ಬೆನ್ನಿನ ಸ್ಕ್ಯಾನ್ ಕೂಡ ಈಗಲೇ ಮಾಡ್ತೀರಾ?' ಅಂತ ಕೇಳಿ. ಮಗುವಿಗೆ ಇನ್ನೊಂದು ಅರಿವಳಿಕೆ ತಪ್ಪಬಹುದು.

ಸ್ಕ್ಯಾನ್ ಜಾಗ ಹೇಳುತ್ತದೆ, ಅಳತೆ ಹೇಳುತ್ತದೆ. ಗಡ್ಡೆಯ ಹೆಸರು ಖಚಿತವಾಗುವುದು ಹೆಚ್ಚಾಗಿ ಅದರ ತುಣುಕನ್ನು ಪರೀಕ್ಷಿಸಿದ ಮೇಲೆ, ಅದೇ ಬಯಾಪ್ಸಿ. ಆಪರೇಷನ್‌ನಲ್ಲಿ ತೆಗೆದದ್ದನ್ನೇ ಲ್ಯಾಬಿಗೆ ಕಳಿಸುತ್ತಾರೆ, ಜೀನ್ ಪರೀಕ್ಷೆಯೂ ಆಗುತ್ತದೆ. ಮಕ್ಕಳ ಹಿಂಮೆದುಳಿನಲ್ಲಿ ಬರುವ ಮೆಡುಲೋಬ್ಲಾಸ್ಟೊಮಾ ಎಂಬ ಕ್ಯಾನ್ಸರ್ ಗಡ್ಡೆ ಒಂದರಲ್ಲೇ 4 ಮುಖ್ಯ ಗುಂಪುಗಳಿವೆ, ಚಿಕಿತ್ಸೆ ಅದನ್ನೂ ನೋಡಿ ನಿರ್ಧಾರವಾಗುತ್ತದೆ. ಕೆಲವು ಗಡ್ಡೆಗಳಿಗೆ ಬೆನ್ನಿನ ನೀರೂ ತೆಗೆದು ನೋಡುತ್ತಾರೆ. ತಲೆಯ ಒತ್ತಡ ಜಾಸ್ತಿ ಇರುವಾಗ ಅದು ಅಪಾಯ, ಹಾಗಾಗಿ ತಡಮಾಡಿದರೆ ಗಾಬರಿಯಾಗಬೇಡಿ.

ರಿಪೋರ್ಟ್ ಬಂದ ದಿನ ಗಡ್ಡೆಯ ಪೂರ್ತಿ ಹೆಸರು, ಗ್ರೇಡ್ (ಅದು ಎಷ್ಟು ಉಗ್ರ ಎಂಬ ದರ್ಜೆ), ಹರಡಿದೆಯೋ ಇಲ್ಲವೋ, ಎಲ್ಲ ಅದೇ ನೋಟ್‌ಬುಕ್‌ನಲ್ಲಿ ಬರೆಸಿಕೊಳ್ಳಿ. ನನ್ನ ಕೈ ನಡುಗುತ್ತಿತ್ತು, ಪೆನ್ನನ್ನು ಡಾಕ್ಟರ ಕೈಗೇ ಕೊಟ್ಟೆ.